ಬೀಗದ ಗುಟ್ಟು ಯಾರ ಸೊತ್ತು?

೧

ಮನೆಯ ಬಾಗಿಲಿಗೆ ಬೀಗವನ್ನು ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪರಊರಿಗೆ ಹೊರಡುವ ಗೃಹಸ್ಥನು ಎರಡು ಸಂಗತಿಗಳಲ್ಲಿ ನಂಬಿಕೆಯಿಟ್ಟು ಹೊರಡುತ್ತಾನೆ. ಬೀಗದ ಕೈ ತನ್ನಲ್ಲಿಯೇ ಇದೆಯೆಂಬುದು ಒಂದು. ಆ ಕೈಯ ಹೊರತು ಬೇರಾವ ಉಪಾಯದಿಂದಲೂ ಬೀಗವು ತೆರೆಯದೆಂಬುದು ಇನ್ನೊಂದು. ಮೊದಲನೆಯದನ್ನು ಅವನು ಸೊಂಟವನ್ನು ತಡವಿ ನೋಡಿಕೊಂಡು ನಿಶ್ಚಯಿಸಿಕೊಳ್ಳಬಲ್ಲನು. ಎರಡನೆಯದಕ್ಕೆ ಬೀಗವನ್ನು ಮಾಡಿದವನ ಮಾತೊಂದೇ ಪ್ರಮಾಣ. ಆ ಮಾತು ನಿಜವಲ್ಲದಿದ್ದರೆ, ನಿಜವಲ್ಲವೆಂಬುದನ್ನು ಬಲ್ಲ ಮೂರನೆಯವನೊಬ್ಬನಿದ್ದರೆ, ಅವನು ಏನು ಮಾಡತಕ್ಕದ್ದು? ಸುಮ್ಮನಿರಬೇಕೆ? ಬೀಗ ಮಾಡಿದವನ ಕಿವಿಯಲ್ಲಿ ಮಾತ್ರ ಹೇಳಬೇಕೆ? ಇಲ್ಲವೆ ನಾಲ್ಕು ಜನರು ಸೇರುವೆಡೆಯಲ್ಲಿ ನಿಂತು ಸಾರಬೇಕೆ?

ಬೀಗಗಳ ಒಳರಚನೆಯನ್ನೂ ಅವುಗಳನ್ನು ಕೈಯಿಲ್ಲದೆ ತೆರೆಯುವ ಬಗೆಯನ್ನೂ ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕಲಿಯಬಹುದಾದ ಕಾಲವಿದು. ಇದನ್ನು ಕಂಡು ಅಂಜುವವರು ಅನೇಕರು. “ಕಳ್ಳನಿಗೆ ಪಾಠ ಹೇಳಿಕೊಟ್ಟಂತಾಯಿತಲ್ಲ!” ಎಂಬುದು ಅವರ ಆಕ್ಷೇಪ. “ಕಳ್ಳನಿಗೆ ಗೊತ್ತಿರುವುದನ್ನೇ ಮನೆಯವನಿಗೂ ತಿಳಿಸಿದೆವು” ಎಂಬುದು ಎದುರು ಪಕ್ಷದವರ ಸಮಾಧಾನ. ಈ ವಾದವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ೧೮೫೧ನೆಯ ಇಸವಿಯಲ್ಲಿಯೇ ಲಂಡನ್ ನಗರದಲ್ಲಿ ಇದು ಬಹಿರಂಗವಾಗಿ ನಡೆದು, ಅದರ ಫಲವೇನಾಯಿತೆಂಬುದನ್ನು ಚರಿತ್ರೆಯು ನಮಗೆ ಉಳಿಸಿಕೊಟ್ಟಿದೆ. ಆ ಚರಿತ್ರೆಯನ್ನು ವಾಚಕರ ಮುಂದಿಟ್ಟು, ಅದರಿಂದ ತಿಳಿಯಬರುವ ಧರ್ಮವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಕಳವಿನ ವಿದ್ಯೆಯನ್ನು ಬಹಿರಂಗದಲ್ಲಿ ಹೇಳುವುದಕ್ಕೆ ನಮ್ಮ ಪೂರ್ವಿಕರು ಅಷ್ಟಾಗಿ ಅಂಜಿದಂತೆ ಕಾಣುವುದಿಲ್ಲ. ಶೂದ್ರಕನ ಹೆಸರಿನಲ್ಲಿರುವ ‘ಮೃಚ್ಛಕಟಿಕ’ದ ಮೂರನೆಯ ಅಂಕವನ್ನು ಓದಿದವರಿಗೆ ಶರ್ವಿಲಕನು ಮರೆಯತಕ್ಕವನಲ್ಲ. ಈತನು ಬ್ರಾಹ್ಮಣ, ಪ್ರಿಯಳನ್ನು ದಾಸ್ಯದಿಂದ ಬಿಡಿಸಲು ಹಣ ಬೇಕಾಗಿ ಚಾರುದತ್ತನ ಮನೆಗೆ ಕನ್ನವಿಕ್ಕಲು ಬಂದಿರುವನು. ಕೆಲಸಕ್ಕೆ ಕೈಹಾಕುವ ಮುನ್ನ ಅವನು ತನ್ನ ಶಾಸ್ತ್ರದ ಆಚಾರ್ಯರಿಗೆ ನಮಸ್ಕರಿಸಿ, ವಿಧಿಯನ್ನು ನೆನೆಯುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಕೀಳಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು, ಮಣ್ಣಿನ ಗೋಡೆಯಾದರೆ ನೀರಿನಿಂದ ನೆನೆಯಿಸಬೇಕು, ಮರವಾದರೆ ಸೀಳಬೇಕು. ಕನ್ನದ ಆಕಾರಗಳು ಏಳು. ಈ ಗೋಡೆಗೆ ಪೂರ್ಣಕುಂಭದ ಆಕಾರವೇ ಒಪ್ಪುವುದೆಂದು ಅವನ ತೀರ್ಮಾನ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಯಂತ್ರದಿಂದ ಭದ್ರಪಡಿಸಿದ ಕದವನ್ನು ತೆರೆಯುವುದಕ್ಕೂ ಅದು ಒದಗುವುದೆಂದು ಅದರ ಮಹಿಮೆಯನ್ನು ಹೊಗಳಿಕೊಳ್ಳುತ್ತಾನೆ. ಹಳೆಯ ಕದವು ಕಿರುಗುಟ್ಟದಂತೆ ನೀರು ಚಿಮುಕಿಸುವುದನ್ನು ಕೂಡ ಕವಿಯು ಬಿಟ್ಟಿಲ್ಲ.

ಇದೆಲ್ಲವೂ ಸಭಿಕರ ಮುಂದೆ ಆಡುವ ನಾಟಕ. ಕವಿಯ ಉದ್ದೇಶ ವಿನೋದವೇ ಹೊರತು ಶಿಕ್ಷಣವಲ್ಲವೆಂಬುದು ನಿಜ. ಆದರೂ ಇದನ್ನು ನೋಡಿ ಊರಿನ ಜನರೆಲ್ಲರೂ ಕನ್ನಗಳ್ಳರಾದಾರೆಂದು ಯಾರೂ ಹೆದರಿದಂತಿಲ್ಲ. ಕಾರಣ ಸುಲಭವಾಗಿದೆ. ಮಣ್ಣಿನ ಗೋಡೆ ನೀರಿಗೆ ಕರಗುವುದೆಂಬುದನ್ನು ತಿಳಿಯಲು ಕಳ್ಳನಿಗೆ ಕವಿಯು ಬೇಕಾಗಿಲ್ಲ. ತಿಳಿದುಕೊಂಡು ಗೋಡೆಯ ಬುಡಕ್ಕೆ ಕಲ್ಲು ಕಟ್ಟಿಸಲು ಮನೆಯವನಿಗೂ ಅಡ್ಡಿಯಿಲ್ಲ. ಗೋಡೆಯ ಬಲಾಬಲಗಳು ಎಲ್ಲರ ಕಣ್ಣಿಗೂ ಬೀಳುವಂಥವು.

ಬೀಗದ ಮಾತು ಹಾಗಲ್ಲ. ಅದರ ಬಲವೂ ದೌರ್ಬಲ್ಯವೂ ಲೋಹದ ಪೆಟ್ಟಿಗೆಯೊಳಗೆ ಅಡಗಿರುತ್ತವೆ. ಕೊಳ್ಳುವವನು ಕಾಣುವುದು ಹೊಳಪನ್ನೂ ತೂಕವನ್ನೂ ಮಾತ್ರ. ಆದುದರಿಂದ ಬೀಗದ ವ್ಯಾಪಾರದಲ್ಲಿ ಮಾರುವವನಿಗೂ ಕೊಳ್ಳುವವನಿಗೂ ತಿಳಿವಳಿಕೆಯ ಅಂತರ ಬಹಳ. ಈ ಅಂತರವು ಎಷ್ಟು ದೊಡ್ಡದಾಗಬಲ್ಲುದೆಂಬುದು ಬೀಗಗಳ ತಯಾರಿಕೆಯು ದೊಡ್ಡ ಉದ್ಯಮವಾಗಿ ಬೆಳೆದ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೆಳಕಿಗೆ ಬಂದಿತು.

೩

ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಅಲ್ಲಿ ಬಳಕೆಯಲ್ಲಿದ್ದ ಬೀಗಗಳು ಬಹುಮಟ್ಟಿಗೆ ಒಂದೇ ಬಗೆಯವು. ಬೀಗದೊಳಗೆ ಕೆಲವು ಅಡ್ಡತಡೆಗಳು. ಆ ತಡೆಗಳಿಗೆ ಸಿಕ್ಕಿಕೊಳ್ಳದಂತೆ ಸಂದುಗಳನ್ನು ಕೊರೆದ ಕೈ. ತಡೆಗಳನ್ನು ದಾಟುವಂತೆ ಸಣ್ಣಗೆ ಅರೆದ ಒಂದು ಕಂಬಿಯು ಇಂಥ ಎಷ್ಟೋ ಬೀಗಗಳನ್ನು ತೆರೆಯುತ್ತಿತ್ತು. ೧೭೭೮ರಲ್ಲಿ ರಾಬರ್ಟ್ ಬ್ಯಾರನ್ ಎಂಬವನು ಈ ಪದ್ಧತಿಯನ್ನು ಬಿಟ್ಟು, ಬೀಗದೊಳಗಿನ ಸನ್ನೆಗಳನ್ನು ಕೈಯ ಹಲ್ಲುಗಳು ಒಂದು ನಿಯತವಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅಗುಳಿ ಸರಿಯುವಂತೆ ಏರ್ಪಡಿಸಿ ಪೇಟೆಂಟು ಪಡೆದನು. ಸನ್ನೆಯನ್ನು ಕಡಮೆ ಎತ್ತಿದರೂ ತಡೆ, ಹೆಚ್ಚು ಎತ್ತಿದರೂ ತಡೆ. ಆಧುನಿಕ ಬೀಗಗಳ ಮೂಲತತ್ತ್ವವು ಇದೇ.

ಆರು ವರ್ಷಗಳ ತರುವಾಯ, ೧೭೮೪ರಲ್ಲಿ, ಜೋಸೆಫ್ ಬ್ರಾಮಾ ಎಂಬವನು ಇನ್ನೊಂದು ಬಗೆಯ ಬೀಗಕ್ಕೆ ಪೇಟೆಂಟು ಪಡೆದನು. ಈತನು ಯಾರ್ಕ್‌ಷೈರಿನ ರೈತನ ಮಗ. ಹುಡುಗತನದಲ್ಲಿ ಕಾಲಿಗೆ ಪೆಟ್ಟುಬಿದ್ದು ಹೊಲಗೆಲಸಕ್ಕೆ ಆಗದೆ ಬಡಗಿಯ ಬಳಿ ಕೆಲಸ ಕಲಿತವನು. ನೀರಿನ ಒತ್ತಡದಿಂದ ನಡೆಯುವ ಯಂತ್ರವನ್ನು ೧೭೯೫ರಲ್ಲಿ ರಚಿಸಿ ಕೀರ್ತಿ ಪಡೆದವನೂ ಈತನೇ. ಅವನ ಬೀಗದ ಕೈ ಒಂದು ಕೊಳವೆ. ಅದರ ತುದಿಯಲ್ಲಿ ಬೇರೆ ಬೇರೆ ಆಳದ ಸಂದುಗಳು. ಕೈಯನ್ನು ಒಳಗೆ ಒತ್ತಿದಾಗ ಸಂದುಗಳು ಒಂದೊಂದು ಜಾರುಪಟ್ಟಿಯನ್ನು ಅದರದರ ಸ್ಥಾನಕ್ಕೆ ತಳ್ಳುವುವು. ಬ್ರಾಮಾನು ಬೀಗಗಳನ್ನು ಕುರಿತು ಒಂದು ಪ್ರಬಂಧವನ್ನೇ ಬರೆದು, ಅಂದಿನ ಇತರ ಬೀಗಗಳಲ್ಲಿದ್ದ ದೋಷಗಳನ್ನು ಎತ್ತಿ ಆಡಿದನು. ಬೀಗದ ದೋಷಗಳನ್ನು ಅಚ್ಚು ಹಾಕಿಸಿ ಪ್ರಕಟಿಸುವ ಪದ್ಧತಿಯು ಹೀಗೆ ಬೀಗ ಮಾಡುವವರ ಮನೆಯಲ್ಲಿಯೇ ಹುಟ್ಟಿತೆಂಬುದನ್ನು ಗಮನಿಸತಕ್ಕದ್ದು. ಪರರ ಬೀಗದ ದೋಷವನ್ನು ಹೇಳುವಾಗ ಅದು ಲೋಕೋಪಕಾರ; ತನ್ನ ಬೀಗದ ದೋಷವನ್ನು ಬೇರೊಬ್ಬನು ಹೇಳಿದಾಗ ಅದು ಲೋಕಕಂಟಕ!

ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ೧೨೪ನೆಯ ನಂಬರಿನ ಬ್ರಾಮಾ ಅಂಗಡಿಯ ಕಿಟಕಿಯಲ್ಲಿ ಹದಿನೆಂಟು ಜಾರುಪಟ್ಟಿಗಳ ಒಂದು ಬೀಗವನ್ನು ತೂಗುಹಾಕಿದ್ದರು. ಅದನ್ನು ತೆರೆಯುವ ಉಪಕರಣವನ್ನು ಮಾಡಬಲ್ಲ ಕುಶಲನಿಗೆ ೨೦೦ ಗಿನಿಗಳ ಬಹುಮಾನವೆಂದು ಅದರ ಮೇಲೆ ಬರೆಯಿಸಿದ್ದರು. ಬ್ರಾಮಾನು ೧೮೧೪ರಲ್ಲಿ ತೀರಿಕೊಂಡನು. ಬೀಗವು ಮಾತ್ರ ಅವನ ಮಕ್ಕಳ ಕಾಲದಲ್ಲಿಯೂ ಅಲ್ಲಿಯೇ ತೂಗುತ್ತಿತ್ತು.

ಇತ್ತ ೧೮೧೭ರಲ್ಲಿ ಪೋರ್ಟ್ಸ್‌ಮತ್ತಿನ ನೌಕಾಂಗಣದಲ್ಲಿ ಕಳ್ಳಕೈಗಳ ಸಹಾಯದಿಂದ ಒಂದು ಕಳವು ನಡೆಯಿತು. ತನ್ನದೇ ಕೈಯ ಹೊರತು ತೆರೆಯದ ಬೀಗವನ್ನು ಮಾಡಿಕೊಡಬಲ್ಲವರಿಗೆ ಸರಕಾರವು ಬಹುಮಾನವನ್ನು ಸಾರಿತು. ಅದೇ ಊರಿನ ಜೆರಮಾಯ ಚಬ್ ಎಂಬವನು ಮರುವರ್ಷ ‘ಪತ್ತೆಬೀಗ’ವೆಂದು ಕರೆಯಬಹುದಾದ ಬೀಗವನ್ನು ರಚಿಸಿದನು. ಕಳ್ಳನು ಕೈಯಾಡಿಸುವಾಗ ಯಾವುದಾದರೊಂದು ಸನ್ನೆಯನ್ನು ಮಿತಿಮೀರಿ ಎತ್ತಿದರೆ ಅದು ಅಲ್ಲಿಯೇ ಸಿಕ್ಕಿಕೊಳ್ಳುವುದು. ಆಗ ಯಜಮಾನನ ಕೈಗೂ ಬೀಗವು ಒಡನೆಯೇ ತೆರೆಯದೆ, ಯಾರೋ ಕೈಯಿಟ್ಟರೆಂಬುದನ್ನು ತಿಳಿಸುವುದು. ಹಡಗುಸೆರೆಯಲ್ಲಿದ್ದ ಒಬ್ಬ ಬೀಗಗಾರ ಕೈದಿಗೆ, ಇದನ್ನು ತೆರೆದರೆ ಬಿಡುಗಡೆಯನ್ನೂ ಮೇಲೆ ೧೦೦ ಪೌನುಗಳನ್ನೂ ಕೊಡುವುದಾಗಿ ಆಸೆ ತೋರಿಸಲಾಯಿತೆಂದೂ, ಅವನು ಎರಡು ಮೂರು ತಿಂಗಳು ಹೆಣಗಿ ಕೈಚೆಲ್ಲಿದನೆಂದೂ ಚಬ್ ಮನೆತನದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಹೀಗೆ ಮೂವತ್ತು ನಾಲ್ವತ್ತು ವರ್ಷಗಳ ಕಾಲ ಇಂಗ್ಲೆಂಡಿನ ಸಾಹುಕಾರರೂ ಬ್ಯಾಂಕುಗಳೂ ಈ ಎರಡು ಹೆಸರುಗಳ ಮೇಲೆ ಭಾರ ಹಾಕಿ ನೆಮ್ಮದಿಯಾಗಿ ನಿದ್ರೆ ಮಾಡಿದರು.

೪

೧೮೫೧ನೆಯ ಮೇ ೧ನೆಯ ತಾರೀಖು ಲಂಡನ್ನಿನ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಸರ್ವರಾಷ್ಟ್ರೀಯ ಪ್ರದರ್ಶನವು ಆರಂಭವಾಯಿತು. ಎರಡು ವರ್ಷಗಳ ಹಿಂದೆ ಪಂಜಾಬಿನಿಂದ ಒಯ್ದ ಕೊಹಿನೂರು ವಜ್ರವು ಅಲ್ಲಿಯ ಆಕರ್ಷಣೆಗಳಲ್ಲಿ ಮುಖ್ಯವಾದುದು. ಅದನ್ನು ಇಟ್ಟಿದ್ದ ಚಿನ್ನದ ಬಣ್ಣದ ಕಬ್ಬಿಣದ ಪಂಜರವನ್ನು ಮಾಡಿಕೊಟ್ಟವರು ಚಬ್ ಮನೆತನದವರೇ. ಆ ಹೆಸರಿಗೆ ಅಂದು ಇದ್ದ ಗೌರವವು ಎಷ್ಟೆಂಬುದನ್ನು ಇದರಿಂದಲೇ ಊಹಿಸಬಹುದು.

ಪ್ರದರ್ಶನಕ್ಕೆ ಅಮೆರಿಕದಿಂದ ಬಂದವರಲ್ಲಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಬೀಗಗಾರನೊಬ್ಬನು. ಬಾಸ್ಟನ್ ನಗರದಲ್ಲಿ ೧೮೧೨ರಲ್ಲಿ ಹುಟ್ಟಿದವನು. ನ್ಯೂಯಾರ್ಕಿನ ಡೇ ಮತ್ತು ನ್ಯೂಯೆಲ್ ಎಂಬ ಅಂಗಡಿಯ ಪ್ರತಿನಿಧಿ. ಬ್ಯಾಂಕಿಗೆ ಹೋಗಿ ಅಲ್ಲಿಯ ಬೀಗವನ್ನು ಯಜಮಾನರ ಕಣ್ಣೆದುರಿಗೇ ತೆರೆದು ತೋರಿಸಿ, ಅನಂತರ ತನ್ನ ಬೀಗವನ್ನು ಮಾರುವುದು ಅವನ ವ್ಯಾಪಾರದ ಕ್ರಮ. ಲಂಡನ್ನಿನಲ್ಲಿಯೂ ಅವನು ಇದೇ ಕ್ರಮವನ್ನು ಹಿಡಿದನು.

ಜುಲೈ ೨೨ನೆಯ ತಾರೀಖು ವೆಸ್ಟ್‌ಮಿನ್‌ಸ್ಟರಿನ ಗ್ರೇಟ್ ಜಾರ್ಜ್ ಬೀದಿಯ ೩೪ನೆಯ ಮನೆಯಲ್ಲಿ, ಭದ್ರಕೋಣೆಯ ಕಬ್ಬಿಣದ ಬಾಗಿಲಿಗೆ ಹಾಕಿದ್ದ ಚಬ್ ಬೀಗವನ್ನು ಹಲವು ಮಂದಿ ಗೃಹಸ್ಥರ ಸಮಕ್ಷದಲ್ಲಿ ಅವನು ಸುಮಾರು ೨೫ ನಿಮಿಷಗಳಲ್ಲಿ ತೆರೆದನು. ಮತ್ತೆ ಮುಚ್ಚಿ ತೋರಿಸೆಂದರೆ ಏಳು ನಿಮಿಷಗಳಲ್ಲಿ ಮುಚ್ಚಿದನು. ಬೀಗಕ್ಕಾಗಲಿ ಬಾಗಿಲಿಗಾಗಲಿ ಒಂದು ಗೀರು ಕೂಡ ಬೀಳಲಿಲ್ಲ. ಕಳ್ಳನನ್ನು ಹಿಡಿದುಕೊಡಲೆಂದು ಇಟ್ಟಿದ್ದ ಪತ್ತೆಯ ಸನ್ನೆಯೇ, ಯಾವ ಸನ್ನೆ ಎಷ್ಟು ಎತ್ತರಕ್ಕೆ ಬರಬೇಕೆಂಬುದನ್ನು ತಿಳಿಯಲು ಅವನಿಗೆ ನೆರವಾಯಿತು. ಕಾವಲುಗಾರನೇ ದಾರಿ ತೋರಿಸಿದಂತಾಯಿತು.

ಬ್ರಾಮಾ ಅಂಗಡಿಯ ಬೀಗದ ಸರದಿ ಅನಂತರ ಬಂದಿತು. ಇಲ್ಲಿ ಎಲ್ಲವೂ ಕರಾರಿನ ಪ್ರಕಾರ ನಡೆಯಿತು. ಜಾರ್ಜ್ ರೆನಿ, ಪ್ರೊಫೆಸರ್ ಕೌಪರ್, ಬ್ಲ್ಯಾಕ್ ಎಂಬ ಮೂವರು ತೀರ್ಪುಗಾರರಾದರು. ಮೂವತ್ತು ದಿನಗಳ ಅವಧಿ ಗೊತ್ತಾಯಿತು. ಬೀಗದ ಬಾಯಿ ಮಾತ್ರ ಕಾಣುವಂತೆ ಉಳಿದುದನ್ನು ಹಲಗೆಗಳ ನಡುವೆ ಮರೆಮಾಡಿದರು. ಜುಲೈ ೨೪ರಂದು ಹಾಬ್ಸನು ಕೆಲಸಕ್ಕೆ ಕುಳಿತನು. ನಡುನಡುವೆ ತಕರಾರುಗಳು ಬಂದು ಕೆಲಸವು ನಿಂತುದೂ ಉಂಟು. ಆಗಸ್ಟ್ ೨೩ರಂದು ಬೀಗವು ತೆರೆಯಿತು. ಹದಿನಾರು ದಿನಗಳಲ್ಲಿ ಹಂಚಿಹೋಗಿದ್ದ ಅವನ ಶ್ರಮವು ಒಟ್ಟು ೫೧ ಗಂಟೆಗಳಷ್ಟಾಗಿತ್ತು. ತೀರ್ಪುಗಾರರು ಬೀಗವು ಕೆಟ್ಟಿಲ್ಲವೆಂಬುದನ್ನು ಅದರ ಸ್ವಂತ ಕೈಯಿಂದ ತೆರೆದು ಪರೀಕ್ಷಿಸಿ, ಹಾಬ್ಸನ ಪರವಾಗಿ ತೀರ್ಪನ್ನು ಕೊಟ್ಟರು. ಬೀಗದ ಒಳಗಿನ ಸ್ಪ್ರಿಂಗನ್ನು ಒತ್ತಿಹಿಡಿಯಲು ಅವನು ಒಂದು ಉಪಕರಣವನ್ನು ಸ್ಥಿರವಾಗಿ ನಿಲ್ಲಿಸಿದ್ದನೆಂದೂ, ಕಳ್ಳನಿಗೆ ಅಷ್ಟು ಬಿಡುವೂ ಸೌಕರ್ಯವೂ ಎಲ್ಲಿಂದ ಬಂದೀತೆಂದೂ ಅಂಗಡಿಯವರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಫಲಕದ ಮೇಲೆ ಗಂಟೆಗಳ ಲೆಕ್ಕವನ್ನು ಬರೆದಿರಲಿಲ್ಲ. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಕಿಟಕಿಯಲ್ಲಿದ್ದ ೨೦೦ ಗಿನಿಗಳು ಹಾಬ್ಸನ ಕೈಸೇರಿದವು.

೫

ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಕೆಲವರಿಗೆ ಇದು ರಾಷ್ಟ್ರದ ಮಾನದ ಪ್ರಶ್ನೆ. ಇನ್ನು ಕೆಲವರಿಗೆ ನಿಜವಾದ ಭಯ: ಈ ಮನುಷ್ಯನು ಮಾಡಿದುದನ್ನು ವಿವರವಾಗಿ ಬರೆದು ಹರಡಿದರೆ ಲಂಡನ್ನಿನ ಕಳ್ಳರೆಲ್ಲರೂ ಓದಿ ಕಲಿತಾರಲ್ಲವೆ? ನಮ್ಮ ಇಂದಿನ ಪ್ರಶ್ನೆಯು ತನ್ನ ಪೂರ್ಣರೂಪದಲ್ಲಿ ಅಲ್ಲಿ ಹುಟ್ಟಿತು.

ಇದಕ್ಕೆ ಉತ್ತರವಾಗಿ ೧೮೫೩ರಲ್ಲಿ ಬೀಗಗಳ ರಚನೆಯನ್ನು ಕುರಿತ ಒಂದು ಚಿಕ್ಕ ಪುಸ್ತಕವು ಹೊರಟಿತು. ಸಂಪಾದಕನು ಚಾರ್ಲ್ಸ್ ಟಾಮ್ಲಿನ್‌ಸನ್. ಸಾಮಗ್ರಿಯನ್ನು ಬಹುಭಾಗ ಒದಗಿಸಿದವನು ಹಾಬ್ಸನೇ. ಸಾಮಾನ್ಯ ಓದುಗರಿಗೂ ಕಸಬಿನವರಿಗೂ ಅಗ್ಗದ ಬೆಲೆಗೆ ದೊರೆಯುವ ಗ್ರಂಥಮಾಲೆಯಲ್ಲಿ ಅದು ಪ್ರಕಟವಾಯಿತು. ಬೀಗಗಳ ದೌರ್ಬಲ್ಯವನ್ನು ಬಹಿರಂಗವಾಗಿ ಚರ್ಚಿಸುವುದು ಸರಿಯೆ ಎಂಬ ಸಂದೇಹವನ್ನು ಗ್ರಂಥಕಾರನು ಆರಂಭದಲ್ಲಿಯೇ ಎತ್ತಿಕೊಂಡಿದ್ದಾನೆ. ಅವನ ವಾದದ ಸಾರವಿಷ್ಟು: ತನ್ನ ಕಸಬಿನಲ್ಲಿ ಕಳ್ಳನು ಬಹು ಚತುರ, ಬೀಗಗಾರರು ತಮ್ಮೊಳಗೆ ಮಾತನಾಡುವ ಮೊದಲೇ ಅವನಿಗೆ ಎಲ್ಲವೂ ತಿಳಿದಿರುತ್ತದೆ, ತಿಳಿಯದೆ ಇರುವವನು ಪ್ರಾಮಾಣಿಕನೊಬ್ಬನೇ, ಆದುದರಿಂದ ಬಚ್ಚಿಟ್ಟರೆ ನಷ್ಟವು ಇವನಿಗೇ. ಲಂಡನ್ನಿನ ಹಾಲಿನ ಕಲಬೆರಕೆಯ ವಿಷಯವನ್ನು ಪ್ರಕಟಿಸಿದಾಗಲೂ ಹೀಗೆಯೇ ಕೆಲವರು ಅಂಜಿದರೆಂದೂ, ಹಾಲಿನವನಿಗೆ ಅದು ಹೊಸ ಪಾಠವಾಗದೆ ಕೊಳ್ಳುವವನಿಗೆ ಎಚ್ಚರಿಕೆಯಾಯಿತೆಂದೂ ಅವನು ದೃಷ್ಟಾಂತ ಕೊಡುತ್ತಾನೆ. ಹಾಲಿಗೆ ನೀರು ಬೆರೆಸುವ ಬಗೆಯನ್ನು ಗೊಲ್ಲನಿಗೆ ಯಾರೂ ಕಲಿಸಬೇಕಾಗಿಲ್ಲವೆಂಬುದು ನಮ್ಮ ಗೃಹಿಣಿಯರಿಗೂ ಗೊತ್ತಿರುವ ಮಾತೇ.

ಹಾಬ್ಸನು ನಿಷ್ಕಾಮಕರ್ಮಿಯಾಗಿರಲಿಲ್ಲ. ಅವನು ಲಂಡನ್ನಿನಲ್ಲಿಯೇ ನೆಲಸಿ, ತನ್ನದೊಂದು ಬೀಗದ ಕಾರ್ಖಾನೆಯನ್ನು ಸ್ಥಾಪಿಸಿ, ಇತರರ ಬೀಗಗಳ ಅಪಕೀರ್ತಿಯಿಂದ ಲಾಭ ಪಡೆದನು. ಸತ್ಯವನ್ನು ಹೇಳಿದವನಿಗೆ ಲಾಭವಾಯಿತೆಂದ ಮಾತ್ರಕ್ಕೆ ಸತ್ಯವು ಸುಳ್ಳಾಗುವುದಿಲ್ಲ. ಅದಲ್ಲದೆ, ಅವನು ತೆರೆದ ದಾರಿಯಲ್ಲಿಯೇ ಇತರರೂ ನಡೆದು ಅವನಿಗೆ ಉತ್ತರವಿತ್ತರು. ಹಾಬ್ಸನ ಬೀಗವೊಂದನ್ನು ೧೮೫೪ರಲ್ಲಿ ಚಬ್ ಅಂಗಡಿಯ ಕೆಲಸಗಾರನೊಬ್ಬನು ತೆರೆದನು. ಅವನು ಅಮೆರಿಕದಿಂದ ತಂದಿದ್ದ ನ್ಯೂಯೆಲ್ಲನ ಹೆಮ್ಮೆಯ ಬೀಗವನ್ನು ಅದೇ ದಶಕದಲ್ಲಿ ಅಮೆರಿಕದಲ್ಲಿಯೇ ಲೈನಸ್ ಯೇಲ್ ಎಂಬ ತರುಣನು ತೆರೆದನು. ಈ ಯೇಲನು ೧೮೬೧ರಲ್ಲಿಯೂ ೧೮೬೫ರಲ್ಲಿಯೂ ಪೇಟೆಂಟು ಪಡೆದ ಬೀಗಗಳೇ, ಇಂದು ನಮ್ಮ ಮನೆಗಳಲ್ಲಿ ಕಾಣುವ ಗರಗಸದಂಥ ಹಲ್ಲುಗಳ ಚಿಕ್ಕ ಚಪ್ಪಟೆ ಕೈಯ ಬೀಗಗಳಿಗೆ ಮೂಲಪುರುಷರು. ಚಬ್ ಮನೆತನದವರೂ ತಮ್ಮ ಬೀಗವನ್ನು ತಿದ್ದಿಕೊಂಡು ವ್ಯಾಪಾರವನ್ನು ನಡೆಸಿಕೊಂಡು ಹೋದರು. ಪಿಕಡಿಲಿಯ ಕಿಟಕಿಯಲ್ಲಿ ಐವತ್ತು ವರ್ಷ ತೂಗಿದ ಹೊಗಳಿಕೆಯಿಂದ ಬೀಗವಿದ್ಯೆಗೆ ಆಗದ ಉಪಕಾರವು ಹತ್ತು ಹದಿನೈದು ವರ್ಷಗಳ ಬಹಿರಂಗ ಸ್ಪರ್ಧೆಯಿಂದ ಆಯಿತು.

೬

ಇದರಿಂದ ಗುಟ್ಟೆಂಬುದೇ ಬೇಡವೆಂದು ಹೇಳಬಹುದೆ? ಹಾಗಾದರೆ ಬೀಗಕ್ಕೆ ಕೈಯಾದರೂ ಏಕೆ? ಈ ತೊಡಕನ್ನು ಬಿಡಿಸುವ ಸೂತ್ರವೊಂದು ಬೀಗಗಾರರಿಂದಲ್ಲ, ಗೂಢಲಿಪಿಯ ಪಂಡಿತನೊಬ್ಬನಿಂದ ದೊರೆಯಿತು. ಹಾಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಭಾಷೆಗಳ ಅಧ್ಯಾಪಕನಾಗಿದ್ದ ಆಗುಸ್ತ್ ಕೆರ್ಕಾಫ್ಸ್ ಎಂಬವನು ೧೮೮೩ರಲ್ಲಿ ಫ್ರೆಂಚ್ ಸೈನಿಕಶಾಸ್ತ್ರದ ಪತ್ರಿಕೆಯೊಂದರಲ್ಲಿ ಗೂಢಲಿಪಿಗಳ ಲಕ್ಷಣಗಳನ್ನು ನಿರೂಪಿಸಿದನು. ಲಿಪಿಯ ಪದ್ಧತಿಯು ವೈರಿಯ ಕೈಗೆ ಸಿಕ್ಕಿದರೂ ಕೇಡಾಗದಂತೆ ಇರಬೇಕು. ಗುಟ್ಟಾಗಿ ಇಡಬೇಕಾದುದು ಬೇಕಾದಾಗ ಬದಲಿಸಬಹುದಾದ ಸಂಕೇತವೊಂದೇ ಎಂಬುದು ಅವುಗಳಲ್ಲಿ ಒಂದು.

ಇದನ್ನು ಬೀಗಕ್ಕೆ ಅನ್ವಯಿಸಿ ನೋಡೋಣ. ಒಂದು ಜಾತಿಯ ಬೀಗವು ಕೆಲಸ ಮಾಡುವ ತತ್ತ್ವ ಬೇರೆ. ಇಂಥವನ ಮನೆಯ ಬೀಗದ ಕೈಗೆ ಯಾವ ಯಾವ ಹಲ್ಲು ಎಷ್ಟೆಷ್ಟು ಉದ್ದವೆಂಬುದು ಬೇರೆ. ಮೊದಲನೆಯದು ಸಾವಿರಾರು ಬೀಗಗಳಿಗೆ ಸಾಮಾನ್ಯ. ಯಾರು ಬೇಕಾದರೂ ಅಂಗಡಿಯಿಂದ ಒಂದನ್ನು ಕೊಂಡು ಬಿಚ್ಚಿ ನೋಡಿದರೆ ಅದು ತಿಳಿದುಹೋಗುವುದು. ಇಷ್ಟು ಸುಲಭವಾಗಿ ಬಯಲಾಗುವುದನ್ನು ನೆಚ್ಚಿಕೊಂಡ ಭದ್ರತೆಯು ಭದ್ರತೆಯಲ್ಲ. ಎರಡನೆಯದು ಒಬ್ಬ ಗೃಹಸ್ಥನಿಗೆ ಸೇರಿದ ಸ್ವತ್ತು. ಅದು ಬಯಲಾದರೆ ಬೀಗವು ಎಷ್ಟು ಉತ್ತಮವಾಗಿದ್ದರೂ ವ್ಯರ್ಥ.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದುಂಟು. ಅಮೆರಿಕದ ವಿಮಾನನಿಲ್ದಾಣಗಳಲ್ಲಿ ತಪಾಸಣೆಯ ಅಧಿಕಾರಿಗಳು ಪ್ರಯಾಣಿಕರ ಪೆಟ್ಟಿಗೆಗಳನ್ನು ಮುರಿಯದೆ ತೆರೆಯಲೆಂದು, ಕೆಲವೇ ಸಾಮಾನ್ಯ ಕೈಗಳಿಗೆ ಬಗ್ಗುವ ಬೀಗಗಳು ಬಳಕೆಗೆ ಬಂದವು. ೨೦೧೪ರಲ್ಲಿ ಆ ಸಾಮಾನ್ಯ ಕೈಗಳ ಛಾಯಾಚಿತ್ರವು ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ೨೦೧೫ರಲ್ಲಿ ಅದರ ಸಹಾಯದಿಂದ ಅಂಥವೇ ಕೈಗಳನ್ನು ಯಂತ್ರದಲ್ಲಿ ಎರಕ ತೆಗೆದಂತೆ ಮಾಡಿಕೊಳ್ಳುವ ನಕ್ಷೆಗಳು ಲೋಕಕ್ಕೆಲ್ಲ ಹರಡಿದವು. ಇಲ್ಲಿ ಬಯಲಾದುದು ತತ್ತ್ವವಲ್ಲ, ಕೈಯೇ. ಛಾಯಾಚಿತ್ರವನ್ನು ಅಚ್ಚುಹಾಕಿದುದು ತಪ್ಪು. ಆದರೆ ಕೋಟ್ಯಂತರ ಪೆಟ್ಟಿಗೆಗಳಿಗೆ ಬೆರಳೆಣಿಕೆಯ ಕೈಗಳನ್ನು ನೇಮಿಸಿ, ಅವು ಎಂದೆಂದಿಗೂ ಗುಟ್ಟಾಗಿರುವುವೆಂದು ನಂಬಿದುದು ಅದಕ್ಕಿಂತ ದೊಡ್ಡ ತಪ್ಪು.

೭

ತತ್ತ್ವದ ದೋಷವನ್ನು ಮುಚ್ಚಿಟ್ಟುದರ ಫಲವನ್ನು ತಿಳಿಸುವ ಇನ್ನೆರಡು ಪ್ರಸಂಗಗಳನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ದೊಡ್ಡ ಕಚೇರಿಗಳಲ್ಲಿಯೂ ವಿದ್ಯಾಶಾಲೆಗಳಲ್ಲಿಯೂ ಒಂದೊಂದು ಕೊಠಡಿಗೆ ಒಂದೊಂದು ಕೈ ಇದ್ದು, ಮೇಲಧಿಕಾರಿಯ ಬಳಿ ಎಲ್ಲವನ್ನೂ ತೆರೆಯುವ ‘ಮಾಸ್ಟರ್’ ಕೈ ಇರುವುದು ವಾಡಿಕೆ. ಒಂದು ಕೊಠಡಿಯ ಬೀಗವೂ ಕೈಯೂ ತನ್ನ ವಶದಲ್ಲಿರುವವನು, ಕೆಲವು ಹಲ್ಲಿಲ್ಲದ ಬರಿಯ ಕೈಗಳನ್ನು ಕೊಂಡು ಸ್ವಲ್ಪ ಶ್ರಮಪಟ್ಟರೆ ಇಡೀ ಕಟ್ಟಡದ ಮಾಸ್ಟರ್ ಕೈಯನ್ನು ಮಾಡಿಕೊಳ್ಳಬಹುದೆಂಬುದನ್ನು ಅಮೆರಿಕದ ಎ.ಟಿ. ಅಂಡ್ ಟಿ. ಸಂಶೋಧನಾಲಯದಲ್ಲಿದ್ದ ಮ್ಯಾಟ್ ಬ್ಲೇಜ್ ಎಂಬ ವಿದ್ವಾಂಸರು ಗೂಢಲಿಪಿಶಾಸ್ತ್ರದ ರೀತಿಯಲ್ಲಿ ವಿಚಾರ ಮಾಡಿ ಕಂಡುಕೊಂಡರು. ೨೦೦೩ರಲ್ಲಿ ಅವರ ಲೇಖನವು ಪ್ರಕಟವಾಯಿತು. ಬೀಗಗಾರರಲ್ಲಿ ಹಲವರು ಅವರ ಮೇಲೆ ಸಿಟ್ಟಾದರು. ಅವರ ದೂರು ಮುಖ್ಯವಾಗಿ ಎರಡು: ಇಂಥದನ್ನು ಬಹಿರಂಗಪಡಿಸುವುದು ಹೊಣೆಗೇಡಿತನವೆಂಬುದು ಒಂದು, ಇದು ತಮ್ಮ ಕಸಬಿನಲ್ಲಿ ಬಹುಕಾಲದಿಂದ ಎಲ್ಲರಿಗೂ ತಿಳಿದಿರುವ ಹಳೆಯ ಸಂಗತಿಯೆಂಬುದು ಇನ್ನೊಂದು. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಜವಾದ ಅಪರಾಧಿಯು ಯಾರೆಂಬುದು ತಿಳಿಯುತ್ತದೆ. ಕಸಬಿನವರಿಗೆಲ್ಲ ಗೊತ್ತಿದ್ದ ದೋಷವನ್ನು ಆ ಬೀಗಗಳಿಗೆ ಹಣ ತೆತ್ತವರಿಗೆ ಏಕೆ ಹೇಳಲಿಲ್ಲ? ವಿದ್ಯಾರ್ಥಿನಿಯೊಬ್ಬಳು ತನ್ನ ವಸತಿಗೃಹದ ಕೊಠಡಿಗೆ ಬೀಗ ಹಾಕಿಕೊಂಡು ಮಲಗುವಾಗ, ಪಕ್ಕದ ಕೊಠಡಿಯವನೊಬ್ಬನು ತನ್ನ ಕೈಯಿಂದಲೇ ಅವಳ ಬಾಗಿಲಿನ ಕೈಯನ್ನು ಮಾಡಿಕೊಳ್ಳಬಹುದೆಂಬುದು ಅವಳಿಗೆ ತಿಳಿಯಬೇಡವೆ? ತಿಳಿದರೆ ಅವಳು ಒಳಗಡೆ ಒಂದು ಚಿಲಕವನ್ನಾದರೂ ಹಾಕಿಸಿಕೊಂಡಾಳು.

ಎರಡನೆಯ ಪ್ರಸಂಗವು ಬೈಸಿಕಲ್ಲಿನ ಬೀಗದ್ದು. ಕೊಳವೆಯಾಕಾರದ ಕೈಯ ಕೆಲವು ಬೀಗಗಳನ್ನು ಬಾಲ್‌ಪಾಯಿಂಟ್ ಪೆನ್ನಿನ ಕೊಳವೆಯಿಂದ ತೆರೆಯಬಹುದೆಂಬುದನ್ನು ಬ್ರಿಟನ್ನಿನ ಬೈಸಿಕಲ್ ಪತ್ರಿಕೆಯೊಂದು ೧೯೯೨ರಲ್ಲಿಯೇ ಬರೆದಿತ್ತು. ಆ ಮಾತು ಕೆಲವರ ಕಿವಿಗೆ ಬಿದ್ದು ಅಲ್ಲಿಯೇ ಉಳಿಯಿತು. ಬೀಗಗಳ ಮಾರಾಟವು ಎಂದಿನಂತೆ ನಡೆಯಿತು. ಹನ್ನೆರಡು ವರ್ಷಗಳಾದ ಮೇಲೆ, ೨೦೦೪ರ ಸೆಪ್ಟೆಂಬರಿನಲ್ಲಿ, ಕ್ರಿಪ್ಟೊನೈಟ್ ಎಂಬ ಪ್ರಸಿದ್ಧ ಬೀಗವನ್ನು ಹೀಗೆ ತೆರೆಯುವ ಚಲಚ್ಚಿತ್ರವು ಅಂತರ್ಜಾಲದಲ್ಲಿ ಹಬ್ಬಿತು. ಕೆಲವೇ ದಿನಗಳಲ್ಲಿ ಆ ಕಂಪೆನಿಯು ಹಳೆಯ ಬೀಗಗಳನ್ನು ಪಡೆದು ಹೊಸವನ್ನು ಬೆಲೆಯಿಲ್ಲದೆ ಕೊಡುವುದಾಗಿ ಸಾರಿತು. ಪಿಸುಮಾತಿನಿಂದ ಹನ್ನೆರಡು ವರ್ಷಗಳಲ್ಲಿ ಆಗದ ಕೆಲಸವು ಬಹಿರಂಗವಾದ ಮಾತಿನಿಂದ ಹತ್ತಾರು ದಿನಗಳಲ್ಲಿ ಆಯಿತು.

೮

ಇಷ್ಟು ಹೇಳಿದ ಮಾತ್ರಕ್ಕೆ ಎದುರು ಪಕ್ಷವು ನಿರುತ್ತರವಾಗುವುದಿಲ್ಲ. ಅವರ ಆಕ್ಷೇಪಗಳಲ್ಲಿ ಎರಡು ಗೌರವಕ್ಕೆ ಅರ್ಹವಾದುವು.

ಕಳ್ಳನಿಗೆ ಎಲ್ಲವೂ ಮೊದಲೇ ಗೊತ್ತೆಂಬ ಮಾತು ಪೂರ್ತಿಯಾಗಿ ನಿಜವಲ್ಲವೆಂಬುದು ಮೊದಲನೆಯದು. ಪಳಗಿದ ಕಳ್ಳನಿಗೆ ಗೊತ್ತಿರಬಹುದು. ಕಳ್ಳತನಕ್ಕೆ ಆಗತಾನೆ ಮನಸ್ಸು ಮಾಡುತ್ತಿರುವ ಪಡ್ಡೆಹುಡುಗನಿಗೆ ಗೊತ್ತಿರಲಾರದು. ಟಾಮ್ಲಿನ್‌ಸನ್ನನ ಕಾಲದಲ್ಲಿ ಪುಸ್ತಕವನ್ನು ಕೊಂಡು ಓದಿ ಉಪಕರಣವನ್ನು ತಾನೇ ಅರೆದುಕೊಳ್ಳಬೇಕಾಗಿತ್ತು. ಈಗ ಕಣ್ಣಿಂದ ನೋಡಿದರೆ ಸಾಕು. ಇದನ್ನು ಒಪ್ಪಲೇಬೇಕು. ಆದರೆ ಬೀಗವನ್ನು ಕೈಯಿಲ್ಲದೆ ತೆರೆಯುವುದು ನೋಡಿದಷ್ಟು ಸುಲಭವಲ್ಲ, ಬೆರಳುಗಳು ಪಳಗಬೇಕು. ಆತುರದ ಕಳ್ಳನು ಚಿಲಕವನ್ನು ಮೀಟುವನು, ಹೆಂಚನ್ನು ತೆಗೆಯುವನು, ಬೀಗದ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳುವವನಲ್ಲ. ಪೆನ್ನಿನ ಕೊಳವೆಯಂಥ ಅತಿ ಸುಲಭವಾದ ಉಪಾಯವಿರುವಲ್ಲಿ ಮಾತ್ರ ಈ ಭಯವು ನಿಜವಾದುದು. ಅಂಥ ಬೀಗವು ಮಾರುಕಟ್ಟೆಯಲ್ಲಿ ಒಂದು ದಿನವೂ ಇರಬಾರದು.

ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ದೋಷವು ಬಯಲಾದ ದಿನವೇ ಶ್ರೀಮಂತನು ಬೀಗವನ್ನು ಬದಲಿಸಿಕೊಳ್ಳುವನು, ಬಡವನ ಪಾಡೇನು? ಹತ್ತು ವರ್ಷಗಳ ಹಿಂದೆ ಕೂಡಿಟ್ಟ ದುಡ್ಡಿನಿಂದ ಕೊಂಡ ಬೀಗವನ್ನು ಎಸೆದು ಇನ್ನೊಂದನ್ನು ತರುವ ಶಕ್ತಿಯು ಅವನಿಗೆ ಎಲ್ಲಿಯದು? ಸತ್ಯವನ್ನು ಸಾರಿದವನ ಕೀರ್ತಿಗೆ ಬಡವನು ಬೆಲೆ ತೆರಬೇಕಾಯಿತಲ್ಲವೆ? ಈ ಪ್ರಶ್ನೆಯನ್ನು ತೇಲಿಸಿಬಿಡುವುದು ನ್ಯಾಯವಲ್ಲ. ಆದರೆ ಇದರಿಂದ ಫಲಿಸುವುದು ಮೌನವಲ್ಲ, ಹೊಣೆಯ ಹಂಚಿಕೆ. ದೋಷವಿರುವ ಬೀಗಕ್ಕೆ ಬೆಲೆ ಪಡೆದವನು ಅದನ್ನು ಬದಲಿಸಿಕೊಡತಕ್ಕವನು. ೨೦೦೪ರಲ್ಲಿ ಹಾಗೆ ನಡೆದುದು ಗುಟ್ಟು ಬಯಲಾದುದರಿಂದಲೇ. ಮೌನವಿದ್ದ ಹನ್ನೆರಡು ವರ್ಷಗಳಲ್ಲಿ ಬೈಸಿಕಲ್ಲನ್ನು ಕಳೆದುಕೊಂಡ ಬಡವನಿಗೆ, ದೋಷವಿದ್ದುದು ಬೀಗದಲ್ಲಿಯೋ ತನ್ನ ಅಜಾಗ್ರತೆಯಲ್ಲಿಯೋ ಎಂಬುದು ಕೂಡ ತಿಳಿಯದೆ ಹೋಯಿತು.

ಹೀಗಿರುವಲ್ಲಿ, ಬೀಗದ ದೋಷವನ್ನು ಕಂಡವನು ನಡೆದುಕೊಳ್ಳತಕ್ಕ ರೀತಿಯನ್ನು ಈ ಚರಿತ್ರೆಯಿಂದ ಸಂಗ್ರಹಿಸಬಹುದು. ಮೊದಲು ಬೀಗ ಮಾಡಿದವನಿಗೆ ತಿಳಿಸಿ, ತಿದ್ದಿಕೊಳ್ಳಲು ತಕ್ಕಷ್ಟು ಕಾಲವನ್ನು ಕೊಡಬೇಕು. ಆ ಕಾಲಕ್ಕೆ ಒಂದು ಕೊನೆಯೂ ಇರಬೇಕು. ಪ್ರಕಟಿಸುವುದು ತತ್ತ್ವವನ್ನಾಗಲಿ, ಇಂಥ ಮನೆಯ, ಇಂಥ ಕಚೇರಿಯ ಕೈಯನ್ನಲ್ಲ. ದೋಷವನ್ನು ಹೇಳಿದ ಬಾಯಿಂದಲೇ, ಹೊಸ ಬೀಗ ಕೊಳ್ಳಲಾರದವನಿಗೂ ಸಾಧ್ಯವಾದ ಪರಿಹಾರವನ್ನು ಹೇಳಬೇಕು. ಪರರ ಬೀಗವನ್ನು ಅವರ ಅಪ್ಪಣೆಯಿಲ್ಲದೆ ಮುಟ್ಟಬಾರದು. ೧೯೯೭ರಿಂದ ಜರ್ಮನಿಯ ಹ್ಯಾಂಬರ್ಗಿನಲ್ಲಿಯೂ ಅನಂತರ ಹಾಲೆಂಡು ಮೊದಲಾದ ಕಡೆಗಳಲ್ಲಿಯೂ ಬೀಗ ತೆರೆಯುವುದನ್ನು ಒಂದು ಆಟವಾಗಿ ಅಭ್ಯಾಸ ಮಾಡುವ ಸಂಘಗಳು ಹುಟ್ಟಿವೆ. ತನ್ನದಲ್ಲದ ಬೀಗವನ್ನು ಒಡೆಯನ ಒಪ್ಪಿಗೆಯಿಲ್ಲದೆ ತೆರೆಯಕೂಡದೆಂಬುದು ಇಂಥ ಸಂಘಗಳಲ್ಲಿ ಮೊದಲ ವಿಧಿ. ಹಾಬ್ಸನೂ ಈ ಮೇರೆಯನ್ನು ಮೀರಿದವನಲ್ಲ. ಅವನು ತೆರೆದುದು ಹಗಲಿನಲ್ಲಿ, ಸಾಕ್ಷಿಗಳ ಮುಂದೆ. ಇತ್ತ ಬೀಗ ಮಾಡುವವರಿಗೂ ಒಂದು ಧರ್ಮವುಂಟು. ದೋಷವನ್ನು ತೋರಿಸಿಕೊಟ್ಟವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸದೆ, ಅವನ ಮಾತನ್ನು ಕೇಳಿ ಬೀಗವನ್ನು ತಿದ್ದಿಕೊಳ್ಳುವುದೇ ಆ ಧರ್ಮ. ಕಿಟಕಿಯಲ್ಲಿ ಬೀಗವನ್ನು ತೂಗುಹಾಕಿ ಲೋಕವನ್ನೇ ಕರೆದ ಬ್ರಾಮಾನಲ್ಲಿ ಜಂಬವು ಎಷ್ಟೇ ಇರಲಿ, ಆ ಮಟ್ಟಿನ ಧೈರ್ಯವಾದರೂ ಇದ್ದಿತು. ಅವನ ಮಕ್ಕಳು ತಕರಾರು ಮಾಡಿದರೂ ಕಡೆಗೆ ಹಣವನ್ನು ತೆತ್ತು ಮಾತನ್ನು ಉಳಿಸಿಕೊಂಡರು.

ಬೀಗವು ಗೃಹಸ್ಥನಿಗೆ ಕೊಡುವುದು ನೆಮ್ಮದಿಯನ್ನು. ಆ ನೆಮ್ಮದಿಗೆ ಆಧಾರವುಂಟೋ ಇಲ್ಲವೋ ಎಂಬುದನ್ನು ತಿಳಿಯುವ ಹಕ್ಕು, ಅದಕ್ಕೆ ಬೆಲೆ ತೆತ್ತವನಿಗೆ ಎಲ್ಲರಿಗಿಂತ ಮೊದಲು ಸೇರತಕ್ಕದ್ದು. ಕಳ್ಳನಿಗೂ ಕಸಬಿನವನಿಗೂ ತಿಳಿದಿದ್ದು, ಮನೆಯ ಯಜಮಾನನೊಬ್ಬನಿಗೆ ಮಾತ್ರ ತಿಳಿಯದಿರುವ ಗುಟ್ಟನ್ನು ಕಾಪಾಡುವುದರಲ್ಲಿ ಯಾವ ಪುಣ್ಯವೂ ಇಲ್ಲ. ಅವನ ಸೊಂಟದಲ್ಲಿರುವ ಕೈಯ ಗುಟ್ಟು ಅವನದಾಗಿರಲಿ. ಬೀಗದ ಗುಣದೋಷಗಳು ಎಲ್ಲರ ತಿಳಿವಳಿಕೆಗೂ ಬರಲಿ.